ಮೇಲಿನ ಮಂಚ

ಹಮ್ರಿಯಾದ ರೂಮು. ಎಂಟು ಮಂಚ, ಏಳು ಜನ, ಗುರುವಾರ ರಾತ್ರಿ.
ಬಾತಿಶನ ಲ್ಯಾಪ್‌ಟಾಪು ಅಕ್ಕಿಡಬ್ಬದ ಮೇಲೆ.
ಐವತ್ತು ವರ್ಷ ಹಳೆಯ ಪಿಚ್ಚರಂತೆ, ಆಗ ನೋಡಿದವರು
ಟಾಕೀಸಲ್ಲೇ ಉಚ್ಚೆ ಹೊಯ್ದುಕೊಂಡಿದ್ದರಂತೆ.

ಮನೆ ಬಂತು. ಎಂಥಾ ಮನೆ!
ಹನ್ನೆರಡು ಕೋಣೆ, ಇರುವವರು ಮೂವರು.
ಇಷ್ಟು ಜಾಗ ಖಾಲಿ ಬಿಟ್ಟರೆ ದೆವ್ವ ಬಾರದೆ ಮತ್ತ್ಯಾರು ಬರ್ತಾರೆ?
ದೂಮಣ್ಣ ಲೆಕ್ಕ ಹಾಕಿದ: ಕೋಣೆಗೆ ಎಂಟರಂತೆ ತೊಂಬತ್ತಾರು ತಲೆ,
ತಲೆಗೆ ಹದಿನೈದು ರಿಯಾಲು, ಕರೆಂಟು ಬೇರೆ.
ನಕ್ಕೆವು. ಬಾಗಿಲು ತಾನಾಗಿ ತೆರೆದಾಗಲೂ ನಕ್ಕೆವು.
ಆ ಹೆಂಗಸು ಮೆಟ್ಟಿಲಿಳಿಯುವಾಗ ಮಾತ್ರ
ಯಾರೋ ನನ್ನ ಮೊಣಕೈ ಹಿಡಿದರು,
ಬಿಡಲಿಲ್ಲ.

ಮುಗಿಯಿತು. ದೀಪ ಆರಿಸಲು ಯಾರೂ ಏಳಲಿಲ್ಲ.
‘ನಾಳೆ ಡ್ಯೂಟಿಯಿಲ್ಲವಲ್ಲ, ಉರೀಲಿ’ ಅಂದ ಬಾತಿಶ.

ಏಸಿ ಬಕೆಟ್ಟಿಗೆ ತೊಟ್ಟಿಕ್ಕುತ್ತಿದೆ.
ನನ್ನ ಮೇಲಿನ ಮಂಚ ಕಿರ್ರೆಂದಿತು.
ರುಕ್ಮಯನದು.
ಮೇ ತಿಂಗಳಲ್ಲಿ, ಒಂಬತ್ತನೇ ಮಾಳಿಗೆಯಿಂದ.
ಅವನ ಪೆಟ್ಟಿಗೆ ಕಟ್ಟಿದವನು ನಾನೇ;
ಒಂದು ಚಪ್ಪಲಿ ಎಲ್ಲೂ ಸಿಗದೆ
ಒಂಟಿಯನ್ನೇ ಪೇಪರಲ್ಲಿ ಸುತ್ತಿ ತುಂಬಿದ್ದೆ.

ಮತ್ತೆ ಕಿರ್ರ್.
ಹೊದಿಕೆಯೊಳಗಿಂದ ಕೇಳಿದೆ, ಮೆಲ್ಲಗೆ,
ಉಳಿದವರಿಗೆ ಎಚ್ಚರವಾಗದ ಹಾಗೆ:
ಅಲ್ಲಿಂದ ಸರೀ ಕಾಣ್ತಿತ್ತಾ ಮಾರಾಯ,
ಪಿಚ್ಚರು?