ಪದಕ್ಕೆ ನಲವತ್ತು ಸೆಂಟು

ಟೊಲೀಡೊದ ಪತ್ರಿಕೆಗೆ ಫೋನು ಹಚ್ಚಿ
ಕರೆಂಟು ಬಿಲ್ಲಿನ ಬೆನ್ನ ಮೇಲೆ ಗೀಚಿದ್ದನ್ನು ಓದಿದೆ:
ಮಹಡಿ ಮನೆ ಬಾಡಿಗೆಗಿದೆ. ಎರಡು ಕೋಣೆ.
ಸಭ್ಯ ದಂಪತಿಗೆ ಹೇಳಿ ಮಾಡಿಸಿದ್ದು.
ಮಕ್ಕಳು ಬೇಡ. ಒಳ್ಳೆಯ ಜನರ ಬೀದಿ.

ಆ ಕಡೆ ವರ್ನೀಟಾ. ಪೆನ್ಸಿಲ್ಲು ಗೀರಿದ ಸದ್ದು ಇಲ್ಲಿಗೂ ಕೇಳಿಸಿತು.
'ದಂಪತಿ ತೆಗೀತೀನಿ. ಮಕ್ಕಳು ಬೇಡ ಅನ್ನೋದನ್ನೂ.
ಕಾನೂನು ಒಪ್ಪೋದಿಲ್ಲ.'
'ಒಳ್ಳೆಯ ಜನ?'
ತುಸು ತಡೆದಳು.
'ಯಾರಿಗೆ ಒಳ್ಳೆಯವರು, ಮೇಡಂ?'

ಅಕ್ಕಿಯೊಳಗಿನ ಕಲ್ಲು ಆರಿಸುವವಳ ಹಾಗೆ
ಒಂದೊಂದೇ ಪದ ಎತ್ತಿ ಪಕ್ಕಕ್ಕಿಟ್ಟಳು.
ಪದಕ್ಕೆ ನಲವತ್ತು ಸೆಂಟು; ನನಗೆ ಉಳಿತಾಯವೇ ಆಯಿತು.
ಆದರೂ ರೇಗಿತು.
ಆಸ್ಪತ್ರೆಯ ಲ್ಯಾಬಿನಲ್ಲಿ ಹನ್ನೊಂದು ವರ್ಷ ರಾತ್ರಿಪಾಳಿ,
ಊರವರ ರಕ್ತದ ಗುಂಪು ನೋಡಿ ನೋಡಿ ಕೊಂಡ ಮನೆ.
ನನ್ನ ನೆತ್ತಿಯ ಮೇಲೆ ಯಾರು ನಡೆದಾಡಬೇಕೆಂದು
ನಾನು ಹೇಳಬಾರದೆ?

'ಬರುವವರ ಸಮಾಚಾರ ಬೇಡ,' ಎಂದಳು ವರ್ನೀಟಾ,
'ಮನೆಯ ಸಮಾಚಾರ ಹೇಳಿ. ಮನೆ ಹೇಗಿದೆ?'

ಹೇಗಿದೆ?
ಫೋನಿನ ಸುರುಳಿ ವೈರನ್ನು ಎಳೆದಷ್ಟೂ ಎಳೆದು
ಮೆಟ್ಟಿಲ ಬುಡಕ್ಕೆ ಹೋಗಿ ನಿಂತೆ. ಹದಿನಾಲ್ಕು.
ಮೂರನೆಯದು ಕಿರುಗುಟ್ಟುತ್ತದೆ. ಹಿಡಿಯುವ ಕಂಬಿ ಸಡಿಲ.
ಅಡುಗೆಮನೆಗೆ ಪೂರ್ವದ ಕಿಟಕಿ, ಸಿಂಕಿನವರೆಗೂ ಬಿಸಿಲು.
ಚಳಿಗಾಲಕ್ಕೆ ಬಿಸಿನೀರಿನ ಕೊಳವೆ ಟಕಟಕ ಅನ್ನುತ್ತದೆ
ಯಾರೋ ಬಾಗಿಲು ಬಡಿದ ಹಾಗೆ. ತೆರೆದರೆ ಯಾರೂ ಇರುವುದಿಲ್ಲ.

ಹೇಳುತ್ತ ಹೇಳುತ್ತ ಹುಬ್ಬಳ್ಳಿ ನೆನಪಾಯಿತು.
ಟ್ರೇನಿಂಗಿಗೆ ಸೇರಿದ ವರ್ಷ.
'ಬಾಡಿಗೆಗಿದೆ', ಅಷ್ಟೇ ಇತ್ತು ಹಲಗೆಯಲ್ಲಿ;
ಮಿಕ್ಕದ್ದನ್ನು ಬರೆದಿರಲಿಲ್ಲ, ಬರೆಯುವ ಗರಜೂ ಇರಲಿಲ್ಲ.
ನಲ್ಲಿ ತೋರಿಸಿದಳು ಮನೆಯಾಕೆ, ಬಚ್ಚಲು ತೋರಿಸಿದಳು,
ಹೊಸ್ತಿಲಲ್ಲಿ ನಿಂತು ಕೇಳಿದಳು, ಬಲು ಮೆತ್ತಗೆ:
'ತಪ್ಪು ತಿಳಕೋಬ್ಯಾಡ್ರಿ, ನೀವು ಯಾರ ಪೈಕಿ?'
ಉತ್ತರ ಕೊಡುವ ಮೊದಲೇ ಅಪ್ಪ
ಕಾಲಿನಿಂದ ಚಪ್ಪಲಿಗಾಗಿ ತಡಕಾಡುತ್ತಿದ್ದರು.

ಇದನ್ನು ವರ್ನೀಟಾಗೆ ಹೇಳಲಿಲ್ಲ.
ಹೇಳಿದ್ದರೂ ಅವಳಿಗೆ ತರ್ಜುಮೆ ಬೇಕಾಗುತ್ತಿರಲಿಲ್ಲವೇನೋ.

ಭಾನುವಾರ ಅಚ್ಚಾಯಿತು:
ಮಹಡಿ ಮನೆ. ಎರಡು ಕೋಣೆ. ಪೂರ್ವದ ಕಿಟಕಿ.
ಹದಿನಾಲ್ಕು ಮೆಟ್ಟಿಲು. ಬಾಡಿಗೆಗಿದೆ.
ಒಂಬತ್ತು ಪದ, ಮೂರು ಡಾಲರು ಅರವತ್ತು.

ಹನ್ನೊಂದು ಗಂಟೆಗೆ ಮೊದಲ ಕರೆ. ಗಂಡಸಿನ ದನಿ.
ಹಿಂದೆ ಯಾವುದೋ ಕೂಸು ಪಾತ್ರೆ ಬಡಿಯುತ್ತಿತ್ತು.
ನನ್ನ ಕಿವಿ ನನ್ನನ್ನು ಕೇಳದೆ ಹೊರಟೇಬಿಟ್ಟಿತು,
ದನಿಯ ಅಡಿಯಲ್ಲಿ ಬಣ್ಣ ಹುಡುಕಲು, ಊರು ಹುಡುಕಲು.
ನಾಲಗೆಯ ತುದಿಗೆ ಬಂದು ಕೂತಿತ್ತು
ಹುಬ್ಬಳ್ಳಿಯ ಅದೇ ಪ್ರಶ್ನೆ, ಅಮೆರಿಕದ ಕೋಟು ತೊಟ್ಟು.

'ಮೆಟ್ಟಿಲು ಹದಿನಾಲ್ಕು,' ಅಂದೆ. 'ಕಂಬಿ ಸಡಿಲ ಇದೆ.'
ಎಚ್ಚರಿಸಿದೆನೋ, ಬರದಂತೆ ಹೆದರಿಸಿದೆನೋ,
ಈಗಲೂ ನನಗೆ ಖಾತ್ರಿ ಇಲ್ಲ.

ಅವನು ಸುಮ್ಮನಿದ್ದ. ಪಾತ್ರೆ ಬಡಿತವೂ ನಿಂತಿತು.
ಆಮೇಲೆ, 'ನನ್ನ ಹತ್ತಿರ ಡ್ರಿಲ್ಲು ಇದೆ.
ಯಾವ ಅಳತೆಯ ಸ್ಕ್ರೂ?'

ಗೊತ್ತಿರಲಿಲ್ಲ.
ತಾಳಿ ಎಂದು, ನೋಡಲು ಹೋದೆ.