ಮೇಲಿನ ಚುಕ್ಕೆ

ಚಾಮುಂಡಿಪುರಂ ಎರಡನೇ ಕ್ರಾಸಿನಲ್ಲಿ
ಕನಕವಲ್ಲಿ ಟೀಚರು ಸೆರಗಿನಿಂದ ಪರದೆ ಒರೆಸಿದರು.
ಹೋಗಲಿಲ್ಲ. ತಾರಸ್ಥಾಯಿಯ ಚುಕ್ಕೆ ಅದು,
‘ಸ’ ತಲೆಯ ಮೇಲೆ ನಾನಿಟ್ಟದ್ದು.

‘ಇಷ್ಟು ಸಣ್ಣದಾ? ಬಣ್ಣಗಳಿಗೆಲ್ಲ ಜಾಗ ಕೊಟ್ಟಿದ್ದೀಯ,
ಐದು ನಮೂನೆ ಹಿನ್ನೆಲೆ, ಒಂದರಲ್ಲಿ ಅರಮನೆ ದೀಪ.
ಕಂಪಿತ ಎಲ್ಲಪ್ಪ?’
ಮೂರನೇ ಮೆನುವಿನೊಳಗೆ ಟೀಚರ್, ‘ಇತರೆ’ ಅಂತ.

‘ಇತರೆ!’
ವೀಣೆ ಎಳೆದುಕೊಂಡು ಗಾಂಧಾರದ ಮೇಲೆ
ಬೆರಳಿಟ್ಟರು. ತಂತಿ ಅಡ್ಡಕ್ಕೆ ಸರಿಯಿತು,
ಮನೆಯೂ ಒಂದಿಷ್ಟು.
ನಾನು ಪೆನ್ನು ತೆಗೆದೆ, ಬರೆಯಲಿಲ್ಲ.

ಆಮೇಲೆ ಗುರುಗಳ ಹಳೇ ಪುಸ್ತಕ ತೋರಿಸಿದರು:
ರೂಲುಪಟ್ಟಿ ಗೆರೆ, ನೀಲಿ ಇಂಕು. ಒಂದು ಪುಟದಲ್ಲಿ
ನೊಣ ಕೂತು ಹೋದ ಗುರುತು.
‘ಇದನ್ನ ಹನ್ನೆರಡು ವರ್ಷ ಮೇಲಿನ ಸ ಅಂತಲೇ ನುಡಿಸಿದೆ.
ಚೆನ್ನಾಗೇ ಇತ್ತು.’

ಬಸ್ಸಿನಲ್ಲಿ ಕೂತು ಚುಕ್ಕೆ ದೊಡ್ಡದು ಮಾಡಿದೆ.
ಮತ್ತೆ ಸ್ವಲ್ಪ ಚಿಕ್ಕದು.