ಎಡ ಹಿಂಗಾಲು

ರಾತ್ರಿ ಹತ್ತೂವರೆಗೆ, ಇಂಡಿ ಪಂಪಿನ ನಮ್ಮ ಪಂಕ್ಚರ್ ಅಂಗಡಿಯ
ಶಟರು ಅರ್ಧ ಇಳಿಸಿ, ಕೈಮಸಿ ಸೀಮೆಎಣ್ಣೆಯಲ್ಲಿ ತಿಕ್ಕಿ
ನಾನು ಲಾಯಕ್ಕೆ ಹೋಗುತ್ತೇನೆ.
ಲಾಯವೆಂದರೆ ಆರಿಂಚು, ಮೂಲೆ ಸೀಳಿದ ಗಾಜು.
ಒಳಗೆ ನಾಲ್ಕು ಕುದುರೆ. ಹುಲ್ಲಿಲ್ಲ, ಲದ್ದಿಯಿಲ್ಲ,
ದಿನಕ್ಕೆ ಒಂದೂವರೆ ಜಿಬಿ ಹಾಕಿದರೆ ಸಾಕು.

ಅವುಗಳಲ್ಲಿ ಗಿರಮಿಟ್ಟು ನನ್ನ ಜೀವ.
ಕಂದು ಹೆಣ್ಗುದುರೆ, ಹಣೆಯಲ್ಲಿ ಚುರುಮುರಿಯಷ್ಟು ಬಿಳಿ.
ಹದಿನೆಂಟು ಓಟ, ಎರಡು ಗೆಲುವು.

ನಾವು ನಾಲ್ಕು ಜನ ಒಂದೇ ಮೈದಾನದವರು,
ಒಬ್ಬರ ಮುಖ ಒಬ್ಬರು ನೋಡಿಲ್ಲ.
ಮಾಳಮಡ್ಡಿಯ ಗುತ್ತಲ ಮಾಸ್ತರರದು ಎಲ್ಲ ಲೆಕ್ಕ:
ಸೋಮವಾರ ದೌಡು, ಮಂಗಳವಾರ ಈಜು, ಗುರುವಾರ ಏರು,
ಹುರುಪು ತೊಂಬತ್ತಾರಕ್ಕೆ ಇಳಿದರೆ ಬೆಲ್ಲ.
ಸೋತ ದಿನವೂ ಅವರ ಉತ್ತರ ಸರಿ ಇರುತ್ತದೆ,
ಕುದುರೆಯದೇ ತಪ್ಪು.

ಬೆಟಗೇರಿಯ ವಿಠೋಬಾ ಮೇರವಾಡೆ
ತಿಂಗಳ ಕೂಸನ್ನು ಹೆಗಲಿಗೆ ಹಾಕಿಕೊಂಡು
ಖಾಲಿ ಕೈಯ ಹೆಬ್ಬೆರಳಲ್ಲಿ ಚಾವಟಿ ಒತ್ತುತ್ತಾನೆ.
ಮುರಿಯುವ ತನಕ ಓಡಿಸು, ಮುರಿದರೆ ಮಾರು, ಮತ್ತೊಂದು ಕೊಳ್ಳು.
ಕೂಸಿಗೆ ಮಾತ್ರ ಜೋರಾಗಿ ಕೆಮ್ಮುವುದಿಲ್ಲ.

ರಾಣೆಬೆನ್ನೂರಿನ ಸುನಂದಾ ಹಲಗೇರಿ
ಹಗಲೆಲ್ಲ ಬೀಜದ ಕಂಪನಿಯಲ್ಲಿ ಟೊಮ್ಯಾಟೋ ಹೂವಿನ
ಗಂಡುಕೇಸರ ಚಿಮಟದಿಂದ ಕಿತ್ತು
ಬೇರೆ ಗಿಡದ ಪರಾಗ ಮುಟ್ಟಿಸಿ ಕೆಂಪು ದಾರ ಕಟ್ಟುವಾಕೆ.
ಅಕ್ಕ ತಾಲೀಮೇ ಕೊಡುವುದಿಲ್ಲ. ಅಜ್ಜಿ ಯಾರು, ಮುತ್ತಜ್ಜ ಯಾರು,
ಬರೀ ಅದೇ ವಿಚಾರ.
“ಓಡೂದು ರಕ್ತದಾಗ ಇರಬೇಕ್ ತಮ್ಮಾ,
ನೀ ಎಷ್ಟ್ ನೀರ್ ಹಾಕಿದ್ರೇನು.”

ನಿಂದು ಯಾವ ಪದ್ಧತಿಪಾ ಅಂತ ಮಾಸ್ತರರು ಕೇಳಿದರು.
ಏನು ಹೇಳಲಿ?
ಯಾವ ಗುಂಡಿ ಒತ್ತುವ ಮೊದಲೂ ಅದನ್ನು ಕಟಾಂಜನದ ಒಳಗೆ
ಸುಮ್ಮನೆ ಒಂದು ಸುತ್ತು ನಡೆಸಿ ನೋಡುತ್ತೇನೆ.
ಅದಕ್ಕೆ ಅಂಕವಿಲ್ಲ. ಹೊತ್ತು ಹೋಗುತ್ತದೆ ಅಷ್ಟೆ.

ಅಬ್ಬಾ ಹಾಗೆ ನೋಡುತ್ತಿದ್ದರು.
ದಾವಲಸಾಬ ನಾಲಬಂದ. ಸ್ಟೇಶನ್ನಿನ ಅರ್ಧ ಟಾಂಗಾಗಳು
ಅವರ ಮೊಳೆಯ ಮೇಲೆ ನಿಂತಿದ್ದವು.
ಟಾಂಗಾ ಹೋದವು, ಎತ್ತಿಗೆ ನಾಲ ಬಡಿದರು.
ಎತ್ತು ಹೋದವು, ಟ್ಯೂಬಿಗೆ ತೇಪೆ ಹಚ್ಚಿದರು.
ಈಗ ಕಣ್ಣಲ್ಲಿ ಪೊರೆ ತೆಗೆಸಿ ಹಸಿರು ಪಟ್ಟಿ ಕಟ್ಟಿಕೊಂಡು
ಹಳೇ ಟಯರಿನ ಮೇಲೆ ಕೂತಿರುತ್ತಾರೆ.

ಕಳೆದ ವಾರ “ಏನದು, ಕುದುರಿ?” ಎಂದು
ಫೋನು ಇಸಕೊಂಡರು. ನೋಡಲಿಲ್ಲ.
ಕಿವಿಗೆ ಹಿಡಿದರು, ಊರಿನಿಂದ ಫೋನು ಬಂದವರ ಹಾಗೆ.

ಟಕ್ ಟಕ್ ಟಕ್ ಟಾ.
ಟಕ್ ಟಕ್ ಟಕ್ ಟಾ.

“ಎಡ ಹಿಂಗಾಲು,” ಅಂದರು. “ನಾಲ ಸಡ್ಲ ಆಗೇತಿ.
ಒಂದ್ ಮೊಳಿ ಬಿದ್ದೈತಿ, ಇನ್ನೊಂದು ಬೀಳಾಕತ್ತೈತಿ.”

ನಕ್ಕೆ. ಅಬ್ಬಾ, ಇದು ಮೊದಲೇ ತುಂಬಿಟ್ಟ ಸದ್ದು,
ಆಟದ ನಲವತ್ತು ಸಾವಿರ ಕುದುರೆಗೂ ಇದೊಂದೇ ಸದ್ದು.

“ಹೌದಪಾ,” ಅಂದರು ಫೋನು ಕಿವಿಯಿಂದ ತೆಗೆಯದೆ,
“ಸದ್ದು ತುಂಬಾಕ ಒಂದನ್ನ ನಡಸಿರ್ತಾರಲ್ಲ,
ಆ ಕುದುರಿದು ಹೇಳಾಕತ್ತೀನಿ.”

ಆ ಕುದುರೆ.
ಯಾವ ದೇಶದ್ದೋ, ಯಾವ ವರ್ಷದ್ದೋ,
ಎದುರಿಗೆ ಮೈಕು ಹಿಡಿದವರು ಮತ್ತೊಂದು ಸುತ್ತು, ಮತ್ತೊಂದು ಸುತ್ತು
ಎಂದಿರಬೇಕು. ಕಾಲೆತ್ತಿ ನೋಡಿರಲಿಕ್ಕಿಲ್ಲ.

ಶನಿವಾರ ಗಿರಮಿಟ್ಟನ್ನು ಓಟಕ್ಕೆ ಇಳಿಸಲಿಲ್ಲ.
ತೊಂಬತ್ತೆಂಟು ಹುರುಪಿಟ್ಟುಕೊಂಡು ಎಂಥಾ ಹುಚ್ಚು
ಅಂತ ಮಾಸ್ತರರು ಬರೆದರು. ಅಕ್ಕ ನಗುವ ಮುಖ ಕಳಿಸಿದಳು.
ಗೆದ್ದದ್ದು ಮೇರವಾಡೆಯ ಕರಿಗುದುರೆ, ಮೂರು ಉದ್ದದಿಂದ.
ಕೊರಳಿಗೆ ಹಾರ ಹಾಕಿಸಿಕೊಂಡು ಸುತ್ತು ನಡೆದು ಬಂತು:
ಟಕ್ ಟಕ್ ಟಕ್ ಟಾ.

ಶಟರಿನ ಆಚೆಯಿಂದ ಅಬ್ಬಾ ಕೂಗಿದರು:
“ಇನ್ನೂ ನಾಲ ಕಟ್ಟಿಸಿಲ್ಲೇನ್ ಅದಕ?”